ಕೈ ಕೊಟ್ಟವಳು

ವಿಡಿಯೋ ಗೇಮೊಂದು ನನಗೆ ಮೋಸ ಮಾಡಿತು ಎಂದರೆ ನನ್ನ ಹೆಂಡತಿ ನಗುತ್ತಾಳೆ. ನಲವತ್ತರ ಹತ್ತಿರ ಬಂದ ಗಂಡಸು, ತುಮಕೂರಿನ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ದಿನವಿಡೀ ಜನರ ಬೆನ್ನು, ಮಂಡಿ, ಹೊಟ್ಟೆಗಳ ಚಿತ್ರ ತೆಗೆಯುವವನು, ಮನೆಗೆ ಬಂದು ಆಟದ ಮೇಲೆ ಮುನಿಸಿಕೊಂಡು ತಟ್ಟೆ ಮುಂದೆ ಸುಮ್ಮನೆ ಕೂತರೆ ಯಾರಿಗಾದರೂ ನಗು ಬರುತ್ತದೆ. ಬರಲಿ. ನಕ್ಕವರಿಗೆ ನಾನು ಹೇಳುವುದಿಷ್ಟೇ: ಚಿಕ್ಕಂದಿನಿಂದ ನೀವು ನಂಬಿಕೊಂಡು ಬಂದ ಒಬ್ಬರನ್ನು ನೆನೆಸಿಕೊಳ್ಳಿ. ಗುರುತು ಪರಿಚಯವಿಲ್ಲದ ಯಾರೋ ಬಂದು, ಆಕೆ ನಿಮ್ಮ ಮೇಲಿಟ್ಟ ಅಕ್ಕರೆಯೆಲ್ಲ ಸುಳ್ಳು, ಮೊದಲ ದಿನದಿಂದಲೂ ನಾಟಕ ಎಂದು ಹೇಳಿ, ಅದಕ್ಕೆ ನಿಮ್ಮ ಕೈಯಿಂದಲೇ ರುಜು ಹಾಕಿಸಿಕೊಂಡು ಹೋದರೆ ಹೇಗಿರುತ್ತದೆ? ನನಗೆ ಹಾಗಾಯಿತು.

ಆಟಕ್ಕೆ ಒಂದು ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ಸಿಟ್ಟಿದೆ. ನಮ್ಮ ಮನೆಯಲ್ಲಿ ಅದು ಯಾವತ್ತೂ ಬೆಟ್ಟದ ಗೇಮು. ನಾವು ಆಗ ಗುಬ್ಬಿಯಲ್ಲಿದ್ದೆವು. ಅಪ್ಪನದು ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ. ಒಂದು ಬೇಸಿಗೆ ರಜೆಯಲ್ಲಿ ಸೋದರಮಾವ ತುಮಕೂರಿನಿಂದ ಟೀವಿಗೆ ಸಿಕ್ಕಿಸುವ ಗೇಮಿನ ಡಬ್ಬಿ ತಂದುಕೊಟ್ಟರು. ಅದರ ಜೊತೆ ಬಂದ ಹಳದಿ ಕ್ಯಾಸೆಟ್ಟಿನ ಮೇಲಿನ ಚೀಟಿ ಅರ್ಧ ಹರಿದಿತ್ತು. ಉಳಿದರ್ಧದಲ್ಲಿ ಒಂದು ಬೆಟ್ಟವಿತ್ತು. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ಯಾವ ದೇಶದ್ದೋ, ಓದಬಲ್ಲವರು ಗುಬ್ಬಿಯಲ್ಲಿ ಇರಲಿಲ್ಲ. ಹಾಗಾಗಿ ಕಥೆಯನ್ನು ನಾವೇ ಕಟ್ಟಿಕೊಂಡೆವು.

ನಾವು ಎಂದರೆ ನಾನು ಮತ್ತು ಅಕ್ಕ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಆಟದಲ್ಲಿಯೂ ಇಬ್ಬರಿದ್ದರು: ಮುಂದೆ ಕೆಂಪು ರುಮಾಲಿನವನು, ಅವನ ಹಿಂದೆ ನೀಲಿ ಬಟ್ಟೆಯವಳು. ಹಿಂದಿನವಳು ಅವನಿಗಿಂತ ಒಂದು ಬೆರಳು ಎತ್ತರವಿದ್ದಳು. ಎತ್ತರ ಇರುವವಳು ಅಕ್ಕ, ಗಿಡ್ಡಗಿರುವವನು ತಮ್ಮ ಎಂದು ನಾವು ತೀರ್ಮಾನಿಸಿದೆವು. ಅವರಿಬ್ಬರೂ ಬೆಟ್ಟ ಹತ್ತಿ ಆಚೆ ಕೋಟೆಯಲ್ಲಿರುವ ತಮ್ಮ ಮನೆಗೆ ಹೋಗಬೇಕು, ಅಷ್ಟೇ ಕಥೆ. ಎಷ್ಟೋ ವರ್ಷದ ಮೇಲೆ, ಆಟ ಇಂಗ್ಲಿಷಿನಲ್ಲಿ ಬಂದಾಗ, ಅವರು ಒಡಹುಟ್ಟಿದವರೇ ಅಲ್ಲ, ದಾರಿಯಲ್ಲಿ ಸಿಕ್ಕವರು ಎಂದು ತಿಳಿಯಿತು. ನಾವಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೈಯಲ್ಲಿ ಹಿಡಿಯುವುದಕ್ಕೆ ನಾವು ರಿಮೋಟ್ ಎನ್ನುತ್ತಿದ್ದೆವು. ಫಸ್ಟ್ ರಿಮೋಟಿನಲ್ಲಿ ಸ್ಟಾರ್ಟ್ ಗುಂಡಿ ಇತ್ತು, ಸೆಕೆಂಡ್ ರಿಮೋಟಿನಲ್ಲಿ ಇರಲಿಲ್ಲ. ನನಗೆ ಫಸ್ಟೇ ಬೇಕಿತ್ತು. ನಾನು ಮಹಾ ಅಳುಮುಂಜಿ. ಕೊಡದಿದ್ದರೆ ಬೀದಿಯ ಕೊನೆಯವರೆಗೂ ಕೇಳುವಂತೆ ಅಳುತ್ತಿದ್ದೆ. ಅಮ್ಮ ಒಳಗಿನಿಂದಲೇ, ಚಿಕ್ಕೋನು ಅವನು, ಕೊಟ್ಬುಡವ್ವ ಅತ್ಲಾಗೆ ಎನ್ನುತ್ತಿದ್ದರು. ಅಕ್ಕ ಕೊಟ್ಟುಬಿಡುತ್ತಿದ್ದಳು. ಒಂದು ಸಲ ಕೊಟ್ಟದ್ದು ಹಾಗೆಯೇ ಉಳಿಯಿತು.

ಆ ಆಟದ ಜೀವಾಳ ಇದ್ದದ್ದು ಒಂದು ಗುಂಡಿಯಲ್ಲಿ. ಮುಂದಿನವನಿಗೆ ಗೋಡೆ ಹತ್ತಲು ಬರುತ್ತಿರಲಿಲ್ಲ. ಹಿಂದಿನವಳು ಎತ್ತರ ನೆಗೆಯಬಲ್ಲವಳು, ಮೊದಲು ಹತ್ತಿ, ಬಗ್ಗಿ ಕೈ ಚಾಚಬೇಕು. ಅವನು ಅದನ್ನು ಹಿಡಿದು ಮೇಲೆ ಬರುವ ತನಕ ಆಕೆ ಗುಂಡಿಯಿಂದ ಬೆರಳು ತೆಗೆಯುವ ಹಾಗಿಲ್ಲ. ತೆಗೆದರೆ ಅವನು ದೊಪ್ಪನೆ ಬೀಳುತ್ತಾನೆ. ಹಿಂದೆಲ್ಲೋ ಒಂದು ದೀಪದ ಹತ್ತಿರ ಮತ್ತೆ ಎದ್ದು ನಿಲ್ಲುತ್ತಾನೆ. ಪ್ರತಿ ಗೋಡೆಯ ಬುಡದಲ್ಲಿ ನಿಂತು ನಾನು ಕೂಗುತ್ತಿದ್ದೆ, “ಕೈ ಕೊಡಕ್ಕ, ಕೈ ಕೊಡು, ಕೈ ಕೊಡು.” ನಮ್ಮ ಕಡೆ ಕೈ ಕೊಡುವುದು ಎಂದರೆ ನಡುನೀರಿನಲ್ಲಿ ಬಿಟ್ಟುಹೋಗುವುದೂ ಹೌದು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ತಮಾಷೆ ಮಾಡುತ್ತಿದ್ದರು: ಎಲ್ಲಾರೂ ಕೈ ಕೊಟ್ರು ಅಂತ ಅಳ್ತಾರೆ, ಈ ಹೈದ ಕೊಡು ಕೊಡು ಅಂತ ಅಳ್ತದೆ.

ಅಜ್ಜಿಗೂ ಈ ಆಟದ ಮೇಲೆ ಒಂದು ಅಭಿಪ್ರಾಯವಿತ್ತು. ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ನಡುಮನೆಗೆ ಬಂದವರು ಒಂದು ದಿನ ಟೀವಿಯ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಇಬ್ಬರ ಎದೆಯ ಮೇಲೂ ಒಂದೊಂದು ಬಿಳಿ ಚುಕ್ಕಿ ಇತ್ತು. “ಲಿಂಗ ಕಟ್ಕಂಡವ್ರೆ. ನಮ್ಮೋರೇಯಾ” ಎಂದರು. ಆವತ್ತಿನಿಂದ ಟೀವಿ ಜಾಸ್ತಿ ಹೊತ್ತು ಹಾಕಿದರೂ ಬೈಯುವುದು ನಿಂತಿತು. ನಾನು ಹಳ್ಳಕ್ಕೆ ಬಿದ್ದರೆ ಮಾತ್ರ, ಲಿಂಗ ಕಟ್ಟಿದ ಹುಡುಗನನ್ನು ಹಿಂಗೆ ಬೀಳಿಸುತ್ತೀರಲ್ಲ ಎಂದು ನೊಂದುಕೊಳ್ಳುತ್ತಿದ್ದರು. ಒಂದೊಂದು ಸಲ ಪರದೆಗೆ ಕೈ ಮುಗಿದದ್ದೂ ಉಂಟು.

ಇನ್ನೊಂದು ಸಂಗತಿ ಹೇಳಬೇಕು, ಮುಂದಕ್ಕೆ ಬೇಕಾಗುತ್ತದೆ. ಪರದೆ ಸರಿಯುತ್ತಿದ್ದದ್ದು ಮುಂದಿನವನು ಹೆಜ್ಜೆ ಇಟ್ಟರೆ ಮಾತ್ರ, ಅದೂ ಬಲಕ್ಕೆ. ಹಿಂದಿನವಳು ಒಂದು ಕ್ಷಣ ತಡೆದರೆ ಪರದೆಯ ಅಂಚೇ ಬಂದು ಅವಳನ್ನು ದಬ್ಬಿಕೊಂಡು ಹೋಗುತ್ತಿತ್ತು. ಮೊದಲ ಸ್ಟೇಜು ಶುರುವಾಗುವ ಜಾಗದಲ್ಲಿ, ಎಡಗಡೆಯ ಅಂಚಿನಲ್ಲಿ, ಅರ್ಧ ಮರ ಮತ್ತು ಎರಡು ಕಲ್ಲು ಮೆಟ್ಟಿಲು ಕಾಣುತ್ತಿದ್ದವು. ಅಲ್ಲಿ ಕಲ್ಯಾಣಿ ಇರಬೇಕು, ಮೆಟ್ಟಿಲು ಕೆಳಗೆ ಇಳಿದಿವೆ ನೋಡು ಎಂದು ಅಕ್ಕ ಹೇಳುತ್ತಿದ್ದಳು. ನಾನು ಅಷ್ಟರಲ್ಲಿ ಬಲಕ್ಕೆ ಓಡಿಯಾಗಿರುತ್ತಿತ್ತು.

ಆಮೇಲೆ ಸರಣಿಯಲ್ಲಿ ಒಂದರ ಹಿಂದೆ ಒಂದು ಬಂದವು, ನಮ್ಮ ಜೊತೆಗೇ ಬೆಳೆದವು. ಎರಡನೆಯದನ್ನು ಆಡಿದ್ದು ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಗೇಮ್ ಪಾರ್ಲರಿನಲ್ಲಿ. ಅಕ್ಕ ಡಿಗ್ರಿಗೆ ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು, ನಾನು ಶನಿವಾರ ಅವಳ ಬೆನ್ನು ಹತ್ತುತ್ತಿದ್ದೆ. ಹುಡುಗರೇ ತುಂಬಿದ ಆ ಕತ್ತಲೆ ಕೋಣೆಯಲ್ಲಿ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಕೂತ ಹುಡುಗಿ ಅವಳೊಬ್ಬಳೇ. ಯಾರೋ ಹಿಂದಿನಿಂದ ಕಿಸಕ್ಕೆಂದರು. ನಾವು ಮೂರು ಸ್ಟೇಜು ದಾಟುವ ಹೊತ್ತಿಗೆ ಕಿಸಕ್ಕೆಂದವರೇ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಅಕ್ಕನ ಬೆರಳು ಒಂದು ಸಲವೂ ಗುಂಡಿಯಿಂದ ಜಾರಲಿಲ್ಲ.

ಅವಳನ್ನು ಹುಲಿಯೂರುದುರ್ಗಕ್ಕೆ ಕೊಟ್ಟರು. ಭಾವ ಒಳ್ಳೆಯವರು, ಮನೆ ದೊಡ್ಡದು, ಜನ ಜಾಸ್ತಿ. ಅಕ್ಕ ಕುಣಿಗಲ್‌ನ ಒಂದು ಸಹಕಾರ ಸಂಘದ ಕೌಂಟರಿನಲ್ಲಿ ಕೂರುತ್ತಾಳೆ. ಬೆಳಿಗ್ಗೆ ಎಲ್ಲರಿಗೂ ಅಡಿಗೆ ಮಾಡಿಟ್ಟು ಬಸ್ಸಿಗೆ ಓಡುತ್ತಾಳೆ. ಅವಳ ಮನೆಗೆ ನಾನು ಹೋದಾಗ ನೋಡಿದ್ದೇನೆ, ಅವಳು ಕೂತು ಒಂದು ಲೋಟ ಕಾಫಿ ಕುಡಿದದ್ದು ಕಾಣೆ. ಒಲೆಯ ಪಕ್ಕ ನಿಂತೇ ಗಂಟಲಿಗೆ ಸುರಿದುಕೊಳ್ಳುತ್ತಾಳೆ, ಅಷ್ಟರಲ್ಲಿ ಯಾರೋ ಕೂಗುತ್ತಾರೆ. ಸರಣಿಯ ಮೂರನೆಯದು ಬರುವಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು, ತುಮಕೂರಿನಲ್ಲೇ ಮನೆ ಮಾಡಿದ್ದೆ, ಟೀವಿಗೆ ಹೊಸ ಡಬ್ಬಿ ತಂದಿದ್ದೆ. ಹೊಸ ಆಟ ಬಂದಾಗಲೆಲ್ಲ ಅಕ್ಕ ಒಂದು ನೆವ ಹುಡುಕಿಕೊಂಡು ಬರುತ್ತಿದ್ದಳು. ಚಾಪೆಯ ಮೇಲೆ ಅವಳ ಜಾಗ ಅವಳಿಗೆ, ನನ್ನ ಜಾಗ ನನಗೆ. ಫೋನಿನಲ್ಲಿ ನಾವು ಊಟ ಆಯಿತಾ, ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುವವರು. ಆಟಕ್ಕೆ ಕೂತಾಗ ಮಾತ್ರ ಎಲ್ಲ ಬರುತ್ತಿತ್ತು: ಅತ್ತೆಯ ಕಾಟ, ನನ್ನ ಬಾಸಿನ ಕಾಟ, ಗುಬ್ಬಿಯ ಮನೆ, ಅಜ್ಜಿ. ಕಣ್ಣು ಪರದೆಯ ಮೇಲಿದ್ದರೆ ನಾಲಿಗೆ ಸಡಿಲವಾಗುತ್ತದೆ. ನನ್ನ ಪಾಲಿಗೆ ಅಕ್ಕ ಎಂದರೆ ಅದೇ, ಪಕ್ಕದಲ್ಲಿ ಕೂತು ಕೈ ಕೊಡುವವಳು.

ಹೀಗಿರುವಾಗ ಕಂಪನಿಯವರು ಒಂದು ಸ್ಪಿನ್-ಆಫ್ ತರುತ್ತೇವೆಂದು ಸಾರಿದರು. ಅದು ಸರಣಿಯ ಮುಂದಿನ ಆಟವಲ್ಲ, ಬುಡದ ಪಕ್ಕದಲ್ಲಿ ಒಡೆದ ಕವಲು. ಪೂರ್ತಿ ಹಿಂದಿನವಳ ಕಥೆ. ಅವಳು ಯಾರು, ಎಲ್ಲಿಂದ ಬಂದಳು, ಮೊದಲ ಬೆಟ್ಟದಲ್ಲಿ ಅವನಿಗೆ ಯಾಕೆ ಕೈ ಕೊಟ್ಟಳು. ನಾನು ಸೆಂಟರಿನ ಹಿಂಬಾಗಿಲಲ್ಲಿ ನಿಂತು ಕುಣಿಗಲ್‌ಗೆ ಫೋನು ಹಚ್ಚಿದೆ.

“ಅಕ್ಕ, ನಿಂದೇ ಗೇಮ್ ಬರ್ತೈತೆ.”

ಕೌಂಟರಿನಲ್ಲಿ ಯಾರೋ ಪಾಸ್‌ಬುಕ್ ಕೇಳುತ್ತಿದ್ದರು. ಆಮೇಲೆ, “ನಂದಾ?” ಎಂದಳು. ಎಷ್ಟು ರಿಮೋಟ್ ಎಂದು ಕೇಳಿದಳು. ಒಂದೇ ಎಂದೆ. ಹಾಗಾದರೆ ನೀನು ಏನು ಮಾಡುತ್ತೀಯ ಎಂದಳು. ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದೆ, ಭಾರಿ ಔದಾರ್ಯದಿಂದ.

ಬಿಡುಗಡೆಯ ದಿನದವರೆಗೆ ನಾನು ಮನೆಯಲ್ಲಿ ಇದ್ದೂ ಇಲ್ಲದವನಾಗಿದ್ದೆ. ಈ ಆಟದ ಅಭಿಮಾನಿಗಳ ಒಂದು ಗುಂಪು ಫೋನಿನಲ್ಲಿದೆ, ಅದರಲ್ಲಿ ನಾನು ಹಳಬ. ಹಿಂದಿನವಳ ಪರವಾಗಿ ಎಷ್ಟು ಉದ್ದುದ್ದ ಬರೆದೆ ಎಂದರೆ, ಹುಡುಗರು ನನ್ನನ್ನು ಮಾವ ಎಂದು ಕರೆಯತೊಡಗಿದರು. ಇಷ್ಟು ವರ್ಷ ಹೆಸರಿಲ್ಲದೆ, ಮಾತಿಲ್ಲದೆ, ಪರದೆಯ ಅಂಚಿನಿಂದ ದಬ್ಬಿಸಿಕೊಂಡು ಬಂದವಳಿಗೆ ಕೊನೆಗೂ ನ್ಯಾಯ ಸಿಗುತ್ತಿದೆ ಎಂದು ನಾನು ಬರೆದಿದ್ದೆ. ಆ ಸಾಲನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಆಟ ಬಂದ ದಿನ ರಜೆ ಹಾಕಿದೆ. ಮೊದಲು ಬೆರಳು ಪಳಗಲಿ, ಅಕ್ಕ ಬಂದಾಗ ದಾರಿ ಹೇಳಿಕೊಡಬಹುದು ಎಂದುಕೊಂಡು ಒಬ್ಬನೇ ಕೂತೆ. ಶುರುವೇನೋ ಚಂದವಿತ್ತು. ಬೆಟ್ಟ, ಹುಲ್ಲು, ಗಾಳಿ ಎಲ್ಲ ಮುಟ್ಟುವ ಹಾಗಿದ್ದವು. ಆಮೇಲೆ ಹಿಂದಿನವಳ ಎದೆಯ ಚುಕ್ಕಿಯನ್ನು ಪರದೆಯ ತುಂಬ ತೋರಿಸಿದರು. ಅದು ಲಿಂಗವಲ್ಲ, ತಾಯಿತವಲ್ಲ, ದೀಪವೂ ಅಲ್ಲ. ಪೀಪಿ. ಕೋಟೆಯ ಕಾವಲುಗಾರರನ್ನು ಕರೆಯುವ ಪೀಪಿ. ಕೋಟೆಯ ದಳಪತಿ ಅವಳನ್ನು ಬೇಹಿಗೆ ಕಳಿಸಿದ್ದಾನೆ. ಕೆಂಪು ರುಮಾಲಿನವನು ದಾರಿಯಲ್ಲಿ ಸಾಯದಂತೆ ನೋಡಿಕೊಂಡು ಕೋಟೆಯ ತನಕ ಜೋಪಾನವಾಗಿ ಕರೆತಂದು ಹಿಡಿದುಕೊಡುವುದು ಅವಳ ಕೆಲಸ. ಮೊದಲ ಬೆಟ್ಟದಲ್ಲಿ ಕೊಟ್ಟ ಮೊದಲ ಕೈಯಿಂದ ಹಿಡಿದು ಎಲ್ಲವೂ ಅದಕ್ಕೇ.

ಕೊನೆಯ ಗೋಡೆಗೆ ಬಂದೆ, ಅದು ಕೋಟೆಯದೇ ಗೋಡೆ: ಇಲ್ಲಿ ಅವನನ್ನು ಕೆಳಗೆ ಬೀಳಿಸಿ, ಪೀಪಿ ಊದಿ ಕಾವಲುಗಾರರಿಗೆ ಹಿಡಿದುಕೊಡಬೇಕು. ಮೇಲೆ ಹಿಂದಿನವಳು, ಕೆಳಗೆ ಅವಳ ಕೈ ಹಿಡಿದು ನೇತಾಡುತ್ತಿರುವ ಅವನು. ಅವನು ಮುಖ ಎತ್ತಿ ನೋಡುತ್ತಿದ್ದಾನೆ. ಪರದೆಯ ಮೇಲೆ ಅಕ್ಷರ ಬಂತು: ಕೈ ಬಿಡಲು ಗುಂಡಿ ಒತ್ತಿ.

ನಾನು ಒತ್ತಲಿಲ್ಲ. ಬೇರೆ ಎಲ್ಲ ಗುಂಡಿ ಒತ್ತಿದೆ. ಸುಮ್ಮನೆ ಕಾದೆ. ಅವನು ನೇತಾಡುತ್ತಲೇ ಇದ್ದ, ಅವಳು ಹಿಡಿದುಕೊಂಡೇ ಇದ್ದಳು, ಗಾಳಿ ಬೀಸುತ್ತಲೇ ಇತ್ತು. ಗುಂಪಿನಲ್ಲಿ ಕೇಳಿದೆ, ಬೇರೆ ದಾರಿ ಇದೆಯೇ ಎಂದು. ಇಲ್ಲ ಮಾವ ಎಂದರು, ಅವರೂ ಬೈಯುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿದೆ, ಒತ್ತಿದ ಕೂಡಲೇ ಟೀವಿ ಆರಿಸಿದೆ. ಮುಂದೇನಾಯಿತೆಂದು ನೋಡುವ ಆಸೆಯೂ ಇರಲಿಲ್ಲ. ಎದ್ದು ಹೋಗಿ ನೀರು ಕುಡಿದೆ.

ಆಟ ಕೆಟ್ಟದಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಚಿತ್ರ ಒರಟಾಗಿರಲಿ, ಸ್ಟೇಜು ಸಪ್ಪೆಯಾಗಿರಲಿ, ಬೇಕಾದರೆ ನಡುವೆ ಕೆಟ್ಟು ನಿಲ್ಲಲಿ. ಸರಣಿ ಎಂದಮೇಲೆ ಒಂದು ಕಾಯಿ ಕೊಳೆಯಬಹುದು. ಆದರೆ ಇವರು ಹಿಂದಕ್ಕೆ ಹೋಗಿ, ನಾನು ಎಂದೋ ಉಂಡು ಅರಗಿಸಿಕೊಂಡ ಅನ್ನಕ್ಕೆ ಮಣ್ಣು ಹಾಕಿದರು. ಗುಬ್ಬಿಯ ನಡುಮನೆಯಲ್ಲಿ, ಆ ಬೇಸಿಗೆಯಲ್ಲಿ, ನನಗೆ ಕೈ ಚಾಚಿದವಳ ಎದೆಯಲ್ಲಿ ಪೀಪಿ ಇತ್ತಂತೆ. ನಮ್ಮಜ್ಜಿ ಕೈ ಮುಗಿದದ್ದು ಬೇಹುಗಾರ್ತಿಯ ಪೀಪಿಗಂತೆ. ಹೇಳುವುದಕ್ಕೆ ಇವರು ಯಾರು?

ಹೆಂಡತಿ ಪಲ್ಯ ಬಡಿಸುತ್ತಾ, ಅದು ಅವರ ಕಥೆ, ಅವರು ಬರೆದಿದ್ದಾರೆ, ನಿಮ್ಮದೇನು ಎಂದಳು. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಅಕ್ಕ ಇದನ್ನು ನೋಡಬಾರದು. ನಿನ್ನದೇ ಆಟ ಎಂದು ಕುಣಿದು ಹೇಳಿದವನು ನಾನು. ಇಷ್ಟು ವರ್ಷ ಒಂದು ಸಲವೂ ಬೆರಳು ಜಾರಿಸದವಳ ಕೈಗೆ ಆ ಗುಂಡಿಯನ್ನು ಕೊಟ್ಟು, ಬಿಡು ಎನ್ನುವುದೆಂದರೆ ಏನು? ಅವಳು ಅಳುತ್ತಾಳೆ ಎಂದುಕೊಂಡೆ. ಇಲ್ಲವೇ ರಿಮೋಟ್ ಕೆಳಗಿಟ್ಟು ಎದ್ದುಹೋಗುತ್ತಾಳೆ, ಆಮೇಲೆ ನಮ್ಮ ಚಾಪೆ, ನಮ್ಮ ಮಾತು, ಎಲ್ಲ ಅಲ್ಲಿಗೇ ಮುಗಿಯುತ್ತದೆ.

ಫೋನು ಮಾಡಿ, ಗೇಮು ಕೈ ಕೊಟ್ಟುಬಿಡ್ತು ಕಣಕ್ಕ ಎಂದೆ. ಆ ಗೇಮಿನ ಕೆಲಸವೇ ಅದಲ್ಲವೇನೋ ಎಂದು ಅವಳು ನಕ್ಕಳು. ನಾನು ನಗಲಿಲ್ಲ. ತೀರಾ ಹಾಳು ಗೇಮು, ಬರಬೇಡ, ಬಸ್ ಚಾರ್ಜು ದಂಡ ಎಂದೆ. ಟೀವಿ ಸರಿಯಿಲ್ಲ ಎಂದೂ ಹೇಳಿದೆ. ಅವಳಿಗೆ ನನ್ನ ಸುಳ್ಳು ಹುಟ್ಟಿದಾಗಿನಿಂದ ಗೊತ್ತು. ಭಾನುವಾರ ಬೆಳ್ಳಾವಿಯಲ್ಲಿ ನೆಂಟರ ಮಗುವಿನ ನಾಮಕರಣ ಇದೆ, ಅದನ್ನು ಮುಗಿಸಿಕೊಂಡು ಬರುತ್ತೇನೆ, ನನ್ನದು ಅಂದಿದ್ದೀಯ, ಹಾಳಾಗಿದ್ದರೂ ಒಂದು ಸಲ ನೋಡುತ್ತೇನೆ ಎಂದು ಇಟ್ಟಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ರೇಷ್ಮೆ ಸೀರೆಯಲ್ಲೇ ಬಂದಳು. ಹೆಂಡತಿಯ ನೈಟಿ ಹಾಕಿಕೊಂಡು, ತಲೆ ಎತ್ತಿ ಕಟ್ಟಿಕೊಂಡು, ಚಾಪೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಬಲಕ್ಕೆ ಸರಿದು ಕೂತಳು. ಒಂದೇ ರಿಮೋಟ್ ಇರುವಾಗ ಮಧ್ಯದಲ್ಲಿ ಕೂತುಕೋ ಎಂದೆ. ಅವಳು ಚಾಪೆ ನೋಡಿದಳು, ಮಧ್ಯಕ್ಕೆ ಬಂದಳು. ನನಗೆ ಕೈಯಲ್ಲಿ ಏನೂ ಇಲ್ಲದೆ ಟೀವಿ ಮುಂದೆ ಕೂರುವುದು ಹೇಗೆಂದು ತಿಳಿಯಲಿಲ್ಲ. ಒಂದು ದಿಂಬು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡೆ.

ಪೀಪಿ ಬಂತು. ನಾನು ಅವಳ ಮುಖ ನೋಡುತ್ತಿದ್ದೆ. ಅವಳು ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿ, ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಪೀಪಿ ಕಣೋ. ಅಜ್ಜಿ ಪೀಪಿಗೆ ಶರಣು ಮಾಡ್ತಿದ್ರು” ಎಂದು ನೈಟಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡಳು. ಒಳಗಿನಿಂದ ನನ್ನ ಹೆಂಡತಿಯೂ ಬಂದು ನಕ್ಕಳು. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಕೊನೆಯ ಗೋಡೆ ಹತ್ತಿರವಾದಂತೆ ನನ್ನಿಂದ ತಡೆಯಲಾಗಲಿಲ್ಲ. ಮುಂದೆ ಒಂದು ಕಡೆ ಅವನ ಕೈ ಬಿಡು ಎನ್ನುತ್ತದೆ, ಬಿಡಬೇಡ, ಅಲ್ಲಿಗೆ ನಿಲ್ಲಿಸಿಬಿಡೋಣ, ಅವರ ಕಥೆ ಅವರಿಗಿರಲಿ, ನಮ್ಮದು ಹಾಗೆಯೇ ಇರುತ್ತದೆ ಎಂದೆ. ಬಿಡದೆ ಇದ್ದರೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗುವುದಿಲ್ಲ, ಹಿಡಿದುಕೊಂಡು ನಿಂತೇ ಇರುತ್ತಾಳೆ ಎಂದೆ. ಹೂಂ ಎಂದಳು.

ಗೋಡೆ ಬಂತು. ಅವನು ನೇತಾಡಿದ. ಅಕ್ಷರ ಮೂಡಿತು. ಅಕ್ಕ ಒತ್ತಲಿಲ್ಲ. ರಿಮೋಟ್ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು. ನೋಡಿದೆಯಾ, ನನ್ನ ಅಕ್ಕ ಒತ್ತುವವಳಲ್ಲ ಎಂದು ನನ್ನ ಮನಸ್ಸು ಆ ಕಂಪನಿಯವರಿಗೆ ಹೇಳಿತು. ದಿಂಬನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಆಮೇಲೆ ಅವಳು ಹೆಬ್ಬೆರಳು ಇಟ್ಟು ಒತ್ತಿದಳು.

ಅವನು ಬಿದ್ದ. ಕಂಪನಿಯವರು ಮಾಡಿದ್ದು ಏನೂ ಅಲ್ಲ, ಇದು ಅದಕ್ಕಿಂತ ಹೆಚ್ಚು. ಅವಳಿಗೆ ಗೊತ್ತಿತ್ತು, ನಾನು ಬೇಡ ಎಂದಿದ್ದೆ, ನಾನು ಪಕ್ಕದಲ್ಲೇ ಕೂತಿದ್ದೆ.

“ಬಿಡ್ಬೇಡ ಅಂದಿದ್ನಲ್ಲಕ್ಕ” ಎಂದೆ. ನನ್ನ ದನಿ ನನಗೇ ಏಳು ವರ್ಷದವನದಾಗಿ ಕೇಳಿಸಿತು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹಿಡ್ಕಂಡೇ ನಿಂತಿದ್ರೆ ನನ್ ಕಥೆ ಅಲ್ಲಿಗೇ ನಿಂತೋಯ್ತದಲ್ಲೋ” ಎಂದಳು.

ಬೈದದ್ದಲ್ಲ, ದೂರಿದ್ದೂ ಅಲ್ಲ. ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ ಹೇಳಿದಳು.

ಗೋಡೆಯ ಮೇಲೆ ಹಿಂದಿನವಳು ಒಬ್ಬಳೇ ನಿಂತಿದ್ದಳು. ಅವಳು ಪೀಪಿ ಬಿಚ್ಚಿ ಎಸೆದಳು. ಅದು ಅಕ್ಕ ಮಾಡಿಸಿದ್ದಲ್ಲ, ಆಟವೇ ಮಾಡಿದ್ದು. ಕಾವಲುಗಾರರನ್ನು ಅವಳು ಕರೆಯಲಿಲ್ಲ. ಆಮೇಲೆ ಪರದೆ ಸುಮ್ಮನಾಯಿತು, ಎಲ್ಲಿಗೆ ಬೇಕಾದರೂ ಹೋಗು ಎನ್ನುವಂತೆ. ನಾನು ನೋಡದೆ ಬಿಟ್ಟ ಭಾಗ ಇದು. ಅಕ್ಕ ಬೆಟ್ಟ ಇಳಿಯತೊಡಗಿದಳು. ಎಷ್ಟೋ ಸ್ಟೇಜುಗಳನ್ನು ಹಿಂದುಮುಂದಾಗಿ ದಾಟಿ, ಒಮ್ಮೆಯೂ ದಾರಿ ತಪ್ಪದೆ, ಮೊದಲ ಸ್ಟೇಜು ಶುರುವಾಗುವ ಜಾಗಕ್ಕೆ ಬಂದು ನಿಂತಳು. ಅಲ್ಲಿಂದ ಎಡಕ್ಕೆ ತಿರುಗಿದಳು.

ಪರದೆ ಎಡಕ್ಕೆ ಸರಿಯಿತು. ಅರ್ಧ ಮರ ಪೂರ್ತಿ ಮರವಾಯಿತು. ಎರಡು ಮೆಟ್ಟಿಲ ಕೆಳಗೆ ಇನ್ನಷ್ಟು ಮೆಟ್ಟಿಲು, ಅವುಗಳ ಕೆಳಗೆ ಕಲ್ಯಾಣಿ, ಅದರ ತುಂಬ ನೀರು.

“ನೋಡ್ದಾ” ಎಂದಳು. ಅಷ್ಟೇ ಎಂದಳು.

ಕೊನೆಯ ಮೆಟ್ಟಿಲ ತನಕ ಇಳಿಸಿ, ಹಿಂದಿನವಳನ್ನು ನೀರಿನ ಅಂಚಿನಲ್ಲಿ ಕೂರಿಸಿದಳು. ಕೂರುವುದಕ್ಕೂ ಒಂದು ಗುಂಡಿ ಇತ್ತು, ನನಗೆ ಗೊತ್ತಿರಲಿಲ್ಲ. ಆಮೇಲೆ ರಿಮೋಟ್ ತೊಡೆಯ ಮೇಲೆ ಇಟ್ಟುಕೊಂಡು, ಹೆಂಡತಿ ತಂದಿಟ್ಟ ಕಾಫಿ ಎತ್ತಿಕೊಂಡು ನಿಧಾನವಾಗಿ ಕುಡಿಯುತ್ತಾ ನೀರು ನೋಡುತ್ತಾ ಕೂತಳು. ಏನೂ ಆಗುತ್ತಿರಲಿಲ್ಲ. ನನಗೆ ತಡೆಯಲಾಗದೆ, ಮುಂದಕ್ಕೆ ಹೋಗಕ್ಕ, ಇನ್ನೂ ಇರಬಹುದು ಎಂದೆ.

“ಇರೋ ಒಸಿ. ನಾನ್ ನಿಂತ್ರೆ ಇದೂ ನಿಂತ್ಕತದೆ.”

ಸಂಜೆಯ ಬಸ್ಸಿಗೆ ಅವಳನ್ನು ಬಿಡಲು ಹೋದೆ. ದಾರಿಯುದ್ದಕ್ಕೂ ಅವಳು ಬೆಳ್ಳಾವಿಯ ನಾಮಕರಣದಲ್ಲಿ ಮಗುವಿಗೆ ಇಟ್ಟ ಹೆಸರು ಅಜ್ಜಿಯದು ಎಂದು ಹೇಳುತ್ತಿದ್ದಳು. ಕುಣಿಗಲ್ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಜನರ ನಡುವೆ ನುಗ್ಗಿ ಅವಳು ಮೆಟ್ಟಿಲು ಹತ್ತಿದಳು, ನಾನು ಕೆಳಗಿನಿಂದ ಬ್ಯಾಗು ಎತ್ತಿ ಕೊಟ್ಟೆ. ಬಾಗಿಲಿನ ಕಂಬಿ ಹಿಡಿದು ತಿರುಗಿ, “ಮುಂದಿನ್ ಸಲ ಸೆಕೆಂಡ್ ರಿಮೋಟ್ ನೀನ್ ತಗಾ” ಎಂದಳು. ನಗುತ್ತಲೇ ಹೇಳಿದಳು. ಬಸ್ಸು ಹೊರಟಿತು.

ಆಟದ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಅದನ್ನು ಮಾಡಿದವರನ್ನು ನಾನು ಕ್ಷಮಿಸುವುದಿಲ್ಲ. ಗುಂಪಿನಲ್ಲಿ ಇವತ್ತಿಗೂ ಬೈದು ಬರೆಯುತ್ತೇನೆ. ಕೊನೆಯಲ್ಲಿ ಕಲ್ಯಾಣಿ ಚೆನ್ನಾಗಿದೆ ಎಂದು ಯಾರಾದರೂ ಬರೆದರೆ, ಒಂದು ಕಲ್ಯಾಣಿ ತೋರಿಸಲು ಬೆಟ್ಟವನ್ನೇ ಕೆಡವಬೇಕಿತ್ತೇ ಎಂದು ಕೇಳುತ್ತೇನೆ. ಅಕ್ಕನ ಮೇಲೂ ಮುನಿಸು ಇತ್ತು. ಇದೆ ಎಂದರೂ ಸುಳ್ಳಲ್ಲ.

ಮುಂದಿನ ವಾರ, ಹೆಂಡತಿ ತವರಿಗೆ ಹೋಗಿದ್ದಾಗ, ಅಟ್ಟದಿಂದ ಗುಬ್ಬಿಯ ಹಳೆಯ ಡಬ್ಬಿ ಇಳಿಸಿದೆ. ಹಳದಿ ಕ್ಯಾಸೆಟ್ಟಿನ ಬಾಯಿಗೆ ಊದಿ, ಸಿಕ್ಕಿಸಿ, ಮತ್ತೆ ತೆಗೆದು ಊದಿ, ಮತ್ತೆ ಸಿಕ್ಕಿಸಿದೆ. ಬೆಟ್ಟ ಬಂತು. ಎದೆಯ ಬಿಳಿ ಚುಕ್ಕಿ ಬಂತು. ಅಷ್ಟು ಸಣ್ಣದರಲ್ಲಿ ಅದು ಲಿಂಗವೇ. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು. ಇದನ್ನು ಯಾರೂ ತಿದ್ದಲಾರರು ಎಂದುಕೊಂಡು ಸ್ಟಾರ್ಟ್ ಒತ್ತಿದೆ.

ಆಮೇಲೆ ಯಾಕೋ ಫಸ್ಟ್ ರಿಮೋಟನ್ನು ಚಾಪೆಯ ಮೇಲಿಟ್ಟು ಸೆಕೆಂಡನ್ನು ತೆಗೆದುಕೊಂಡೆ. ಅದನ್ನು ನಾನು ಹಿಡಿದದ್ದು ಅದೇ ಮೊದಲು. ಕೈ ಕೊಡುವ ಗುಂಡಿ ಸವೆದು ನಡುವೆ ಹೆಬ್ಬೆರಳಿನಷ್ಟು ಹಳ್ಳ ಬಿದ್ದಿತ್ತು. ಉಳಿದವು ಹೊಸದರಂತಿದ್ದವು.

ಹಿಂದಿನವಳನ್ನು ಬಲಕ್ಕೆ ನಡೆಸಿದೆ. ಪರದೆಯ ಅಂಚು ಮುಟ್ಟಿದ ಕೂಡಲೇ ಅವಳು ನಿಂತಳು. ಮುಂದಿನವನು ಹೆಜ್ಜೆ ಇಡದೆ ಬೆಟ್ಟ ಸರಿಯುವಂತಿಲ್ಲ. ಎಡಕ್ಕೆ ತಿರುಗಿಸಿದೆ. ಅರ್ಧ ಮರದ ಹತ್ತಿರ, ಎರಡು ಮೆಟ್ಟಿಲ ಮುಂದೆ, ಅವಳ ಕಾಲುಗಳು ಓಡುತ್ತಲೇ ಇದ್ದವು, ಅವಳು ಇದ್ದಲ್ಲೇ ಇದ್ದಳು. ನಾನು ಗುಂಡಿ ಒತ್ತಿಕೊಂಡೇ ಬಹಳ ಹೊತ್ತು ಕೂತಿದ್ದೆ. ಕೆಂಪು ರುಮಾಲಿನವನು ಅವಳಿಗೆ ಬೆನ್ನು ಮಾಡಿಕೊಂಡು, ಬಲಕ್ಕೆ ನೋಡುತ್ತಾ ನಿಂತಿದ್ದ.